ತಳ ಹಿಡಿದ ಸೂಪು

ಹಾಸ್ಟೆಲಿನ ಹುಡುಗಿಯರು ಅಡುಗೆಯವನಿಗಿಟ್ಟ ಹೆಸರು ಸೌಟಯ್ಯ. ಇಪ್ಪತ್ತೆರಡು ವರ್ಷ ದಿನಕ್ಕೆ ಇನ್ನೂರು ಜನಕ್ಕೆ ಬೇಯಿಸಿದ ಕೈ. ಒಂದು ದಿನವೂ ಪಾತ್ರೆಯ ತಳ ಹಿಡಿಸಿದವನಲ್ಲ. ಅದೇ ಅವನ ಜಂಬ. ಜಂಬ ಇರಲಿ ಬಿಡಿ, ಅದನ್ನು ಮನೆಗೂ ಹೊತ್ತುಕೊಂಡು ಬರುತ್ತಿದ್ದ ನೋಡಿ, ಅದು ತಪ್ಪು.

ಮನೆಯ ಅಡುಗೆ ಹೆಂಡತಿಯದು. ದಿನವೆಲ್ಲ ಒಲೆ ಮುಂದೆ ನಿಂತು ಬಂದಿದ್ದೀರಿ, ಸುಮ್ಮನೆ ಕೂತ್ಕೊಳ್ಳಿ ಎಂದು ಅವನನ್ನು ಅಡುಗೆಮನೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಭಾನುವಾರ ಸಂಜೆ ತರಕಾರಿ ಸೂಪು. ಆಲೂಗಡ್ಡೆ, ಕ್ಯಾರೆಟ್, ಜೋಳದ ಕಾಳು ಬೇಯಿಸಿ, ಅರ್ಧ ಆಲೂಗಡ್ಡೆ ಕಿವುಚಿ, ಹಾಲು ಹುಯ್ದು ಗಟ್ಟಿಯಾಗುವ ತನಕ ಕುದಿಸಿದರೆ ಆಯಿತು. ಹಾಲು ಹಾಕಿದ ಮೇಲೆ ಮಾತ್ರ ಕೈಯಾಡಿಸುತ್ತಲೇ ಇರಬೇಕು. ಅವಳೋ, ಅಂಗಡಿಯವರು ಕೊಟ್ಟ ಶರ್ಟುಗಳಿಗೆ ಗುಂಡಿ ಹೊಲಿಯುತ್ತಾ ಕೂತುಬಿಡುತ್ತಿದ್ದಳು. ಪ್ರತಿ ವಾರ ತಳ ಹಿಡಿಯುತ್ತಿತ್ತು. ಪ್ರತಿ ವಾರ ಈ ಮಹಾಶಯ ಒಂದು ಚಮಚ ಬಾಯಿಗಿಟ್ಟು, ಮೂಗು ಮುರಿದು, ಇವತ್ತೂ ಸೀದಿದೆ ಎನ್ನುತ್ತಿದ್ದ. ಅವಳು ನಕ್ಕುಬಿಡುತ್ತಿದ್ದಳು.

ಅವಳು ಹೋಗಿ ಮೂರು ತಿಂಗಳಾಯಿತು. ಜ್ವರ ಅಂತ ಮಲಗಿದವಳು ವಾರದೊಳಗೆ ಇಲ್ಲವಾದಳು. ಮನೆಯಲ್ಲಿ ಉಳಿದದ್ದು ಅವನು, ಅವನ ಅಮ್ಮ, ಹತ್ತು ವರ್ಷದ ಮಗಳು. ಮಗಳು ಎರಡು ತುತ್ತಿಗೇ ತಟ್ಟೆ ಸರಿಸಿ ಏಳತೊಡಗಿದಳು. ಗುರುವಾರ ಶಾಲೆಯಲ್ಲಿ ತಲೆ ಸುತ್ತಿ ಬಿದ್ದಳೆಂದು ಟೀಚರ್ ಹೇಳಿ ಕಳಿಸಿದಾಗ ಅವನು ಶಾಲೆಗೆ ಓಡಿದ. ಇವಳನ್ನೂ ಕಳಕೊಂಡರೆ ಏನು ಗತಿ? ಏನು ತಿಂತೀಯ ಹೇಳು ಎಂದು ಗೋಗರೆದ. ಅಮ್ಮ ಮಾಡೋ ಸೂಪು ಎಂದಳು.

ಅದೇನು ಮಹಾ ಎಂದುಕೊಂಡ. ಶುಕ್ರವಾರ ಮಾಡಿದ ಸೂಪು ಬೆಣ್ಣೆಯ ಹಾಗೆ ನುಣುಪಾಗಿತ್ತು. ಮಗಳು ಒಂದು ಚಮಚ ಕುಡಿದು, ಇದು ಅಮ್ಮಂದಲ್ಲ ಎಂದು ಎದ್ದು ಹೋದಳು. ಶನಿವಾರ ಮೆಣಸು ಹೆಚ್ಚು ಮಾಡಿದ, ಈರುಳ್ಳಿ ಹುರಿದು ಹಾಕಿದ. ಮತ್ತೆ ಅದೇ ಮಾತು. ಇನ್ನೂರು ಹೊಟ್ಟೆ ತುಂಬಿಸುವವನಿಗೆ ಒಂದು ಮಗುವಿನ ಹೊಟ್ಟೆ ತುಂಬಿಸಲಾಗಲಿಲ್ಲ. ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತ.

ಭಾನುವಾರ ಅವನು ಮತ್ತೆ ಸೌಟು ಹಿಡಿದು ನಿಂತಿದ್ದಾಗ, ಬಾಗಿಲಲ್ಲಿದ್ದ ಅವನ ಅಮ್ಮನಿಗೆ ತಡೆಯಲಾಗಲಿಲ್ಲ.

“ಸೌಟು ಕೆಳಗಿಡೋ. ಅವಳಿಗೆ ಹೀಗೆ ಕೈಯಾಡಿಸ್ತಾ ನಿಲ್ಲೋಕೆ ಪುರುಸೊತ್ತು ಎಲ್ಲಿತ್ತು?”

ಕೆಳಗಿಟ್ಟ. ಹಾಲು ಗಟ್ಟಿಯಾಗುತ್ತಾ ಬಂತು. ಕೈ ತಾನಾಗಿಯೇ ಸೌಟಿನ ಕಡೆ ಹೋಗುತ್ತಿತ್ತು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನ ಪಾತ್ರೆ ತಳ ಹಿಡಿಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅವಳು ಸೂಜಿಯನ್ನು ಶರ್ಟಿಗೆ ಚುಚ್ಚಿಟ್ಟು ಒಳಗೋಡಿ ಬಂದಂತಾಗಿ ಬಾಗಿಲ ಕಡೆ ತಿರುಗಿದ.

ಮಗಳು ಒಂದು ಚಮಚ ಕುಡಿದಳು. ಎದ್ದು ಹೋಗಲಿಲ್ಲ, ಇನ್ನೊಂದು ಕುಡಿದಳು. ಬಟ್ಟಲು ಖಾಲಿ ಮಾಡಿ ಮತ್ತೆ ಮುಂದೆ ಚಾಚಿದಳು. ಅವನು ಖುಷಿಯಲ್ಲಿ ತಳದವರೆಗೂ ಸೌಟು ಇಳಿಸಿ ಕೆರೆದ. ಅವಳು ಬಟ್ಟಲು ಹಿಂದಕ್ಕೆಳೆದುಕೊಂಡಳು.

“ತಳದ್ದು ಬೇಡಪ್ಪ, ಅದು ಅಮ್ಮಂದು. ನಮಗೆಲ್ಲ ಮೇಲಿಂದು ಬಡಿಸಿ, ಕರಕಲನ್ನ ಅವಳೇ ಒಲೆ ಹತ್ರ ನಿಂತ್ಕೊಂಡು ತಿಂತಿದ್ಲು.”

ಅವನಿಗೆ ಗೊತ್ತೇ ಇರಲಿಲ್ಲ. ಸೀದಿದೆ, ಸೀದಿದೆ ಎಂದು ಅಷ್ಟು ವರ್ಷ ದೂರಿದ್ದು, ಅವಳು ಅವನಿಗೆಂದೇ ಮೇಲಿನಿಂದ ತೆಗೆದು ಬಡಿಸಿದ್ದನ್ನು.

ಮಗಳಿಗೂ ತನ್ನ ಅಮ್ಮನಿಗೂ ಮೇಲಿನದನ್ನು ಬಡಿಸಿದ. ಆಮೇಲೆ ಒಲೆಯ ಹತ್ತಿರ ನಿಂತು, ಉಳಿದ ಕರಕಲನ್ನು ಕೆರೆದು ಕೆರೆದು ತಿಂದ. ಬಾಯೆಲ್ಲ ಕಹಿಯಾಯಿತು. ಒಂದು ಚೂರೂ ಬಿಡಲಿಲ್ಲ.

“ಚೆನ್ನಾಗಿದೆ ಕಣೇ,” ಎಂದ. ಹನ್ನೆರಡು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು.