ಘಟ್ಟದ ಮೇಲಿನ ಟೀಚರ್

ಮಿಶೆಲ್ ರೆಬೆಲ್ಲೊ ಶಾಲೆಗೆ ಸೇರಿದ ಮೊದಲ ವಾರ, ಫೋಟೊಕಾಪಿ ಮೆಷಿನ್ ಎಲ್ಲಿದೆ, ಸ್ಟಾಫ್ ರೂಮಿನಲ್ಲಿ ಯಾರ ಚಹಾ ಮಗ್ ಮುಟ್ಟಬಾರದು ಎಂದೆಲ್ಲ ಹೇಳಿಕೊಟ್ಟವಳು ಕಲ್ಯಾಣಿಯೇ. ಕನ್ನಡ ಮಾತಾಡಲು ಒಬ್ಬಳು ಸಿಕ್ಕಳೆಂದು ಅವಳಿಗೆ ಖುಷಿಯೂ ಆಗಿತ್ತು. ಆ ಖುಷಿ ಅಕ್ಟೋಬರ್ ರಜೆಯ ತನಕ ಉಳಿಯಿತು.

ಕಲ್ಯಾಣಿ ಧಾರವಾಡದವಳು. ಗಂಡ ಆನಂದತೀರ್ಥನಿಗೆ ಲಂಡನ್ನಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಅವನ ಹಿಂದೆ ಬಂದು, ಬಿ.ಎಡ್ ಆಗಿದ್ದರೂ ಇಲ್ಲಿ ಮತ್ತೊಮ್ಮೆ ತರಬೇತಿ ಮುಗಿಸಿ, ಊರಂಚಿನ ಪಿನ್ನರಿನ ಬಳಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಲು ಸೇರಿದಳು. ಈಗ ಆ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಎಂಟನೆಯ ತರಗತಿಯವರಿಗೆ ದಕ್ಷಿಣ ಏಷ್ಯಾದ ಪಾಠ ಎಂದರೆ ಕಲ್ಯಾಣಿಯ ಪಾಠ ಎಂದೇ ಶಾಲೆಯಲ್ಲಿ ನಡೆದುಬಂದಿತ್ತು. ಹಿಮಾಲಯ, ಗಂಗೆಯ ಬಯಲು, ದಖ್ಖನ್, ಎರಡು ಕರಾವಳಿ, ದ್ವೀಪಗಳು: ಕಪ್ಪು ಹಲಗೆಯ ಕಾಲದಿಂದಲೂ ಅವಳು ನಕಾಶೆ ನೋಡದೆ ಗೆರೆ ಎಳೆಯುತ್ತಿದ್ದಳು. ಮಕ್ಕಳು ಬಾಯಿ ಮುಚ್ಚಿ ಬರೆದುಕೊಳ್ಳುತ್ತಿದ್ದರು. ಅದನ್ನು ಅವಳು ಶ್ರದ್ಧೆ ಎಂದುಕೊಂಡಿದ್ದಳು.

ಆ ವರ್ಷ ವಿದ್ಯಾರ್ಥಿಗಳು ಹೆಚ್ಚಾಗಿ, ಎಂಟನೆಯ ತರಗತಿಯ ಅರ್ಧವನ್ನು ಮಿಶೆಲ್‌ಗೆ ಕೊಡಬೇಕಾಯಿತು. ಮಿಶೆಲ್ ಉಡುಪಿ ಕಡೆಯ ಶಿರ್ವದವಳು, ಮನೆಮಾತು ಕೊಂಕಣಿ, ಮೂವತ್ತು ದಾಟಿತ್ತು ಅಷ್ಟೆ. ಅವಳ ಕ್ಲಾಸಿನಿಂದ ಗದ್ದಲ ಕೇಳಿಬರುತ್ತಿತ್ತು. ಗದ್ದಲವಾದರೆ ಹೋಗಿ ಗದರಬಹುದಿತ್ತು. ಆದರೆ ಅದು ಪಾಠದ ಗದ್ದಲ. ಪಾಠ ಮುಗಿದ ಮೇಲೂ ಮಕ್ಕಳು ವಾದಿಸುತ್ತಲೇ ಹೊರಗೆ ಬರುತ್ತಿದ್ದರು. ಕಲ್ಯಾಣಿಯ ಕ್ಲಾಸಿನ ಇಬ್ಬರು ಹುಡುಗಿಯರು ಮಿಸ್ ರೆಬೆಲ್ಲೊ ಕ್ಲಾಸಿಗೆ ಹೋಗಬಹುದೇ ಎಂದು ಅವಳನ್ನೇ ಬಂದು ಕೇಳಿದರು. ಆಗುವುದಿಲ್ಲ ಎಂದಳು. ಸಂಜೆ ಬಸ್ಸಿನಲ್ಲಿ ಕೂತು ತನ್ನ ನಿಲ್ದಾಣ ದಾಟಿ ಹೋದಳು.

ಇದನ್ನೂ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಮಗಳು ಅಮೂಲ್ಯಾ ಅದೇ ಶಾಲೆಯಲ್ಲಿ ಹನ್ನೊಂದನೆಯ ತರಗತಿಯಲ್ಲಿದ್ದಳು. ಆ ತರಗತಿಗೂ ಮಿಶೆಲ್ ಪಾಠಕ್ಕೆ ಹೋಗುತ್ತಿದ್ದಳು. ಫೆಬ್ರವರಿಯ ಒಂದು ಸಂಜೆ ಊಟಕ್ಕೆ ಕೂತಾಗ ಅಮೂಲ್ಯಾ, ಎಂದಿನಂತೆ ಇಂಗ್ಲಿಷಿನಲ್ಲಿ, ಶಾಲೆಯ ಕಡೆಯ ಎರಡು ವರ್ಷ, ಹನ್ನೆರಡು ಮತ್ತು ಹದಿಮೂರನೆಯ ತರಗತಿಗೆ, ತಾನು ಭೂಗೋಳ ತೆಗೆದುಕೊಳ್ಳುತ್ತೇನೆ ಎಂದಳು.

ಕಲ್ಯಾಣಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಯಾಕ ಒಮ್ಮೆಲೆ? ಭೂಗೋಳ ಅಂದ್ರ ನಕಾಶಕ್ಕ ಬಣ್ಣ ಹಚ್ಚೂದು ಅಂತಿದ್ದೆಲ್ಲ?"

"ಮಿಸ್ ರೆಬೆಲ್ಲೊ ಕ್ಲಾಸಿನಲ್ಲಿ ಹಾಗಿರುವುದಿಲ್ಲ," ಎಂದಳು ಅಮೂಲ್ಯಾ. ಅಮ್ಮನನ್ನು ನೋಯಿಸಬೇಕೆಂದು ಹೇಳಿದ್ದಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಮಗಳು ಮಹಡಿಗೆ ಹೋದ ಮೇಲೆ ಆನಂದತೀರ್ಥ, "ಯಾರಿಂದಾದ್ರೂ ಬರ್ಲಿ, ಮನೀಗೆ ಬಂತಲ್ಲ," ಎಂದ.

"ಮನ್ಯಾಗ ಇದ್ದದ್ದನ್ನ ಹೊರಗಿನವ್ರು ತಂದು ಕೊಡಬೇಕಾತು," ಎಂದು ಕಲ್ಯಾಣಿ ತಟ್ಟೆ ಎತ್ತಿಕೊಂಡು ಎದ್ದಳು.

ಮಾರ್ಚಿನಲ್ಲಿ ಪಾಲಕರಿಗಾಗಿ ಭೂಗೋಳ ವಿಭಾಗದ ಒಂದು ಸಂಜೆ ಇತ್ತು. ಕಲ್ಯಾಣಿ ಶಾಲೆಯ ದೊಡ್ಡ ಹಾಲಿನಲ್ಲಿ ಚಿತ್ರ ತೋರಿಸಿ ದಕ್ಷಿಣ ಏಷ್ಯಾದ ನೆಲದ ಬಗ್ಗೆ ಮಾತಾಡುವುದೆಂದು ನಿಗದಿಯಾಗಿತ್ತು. ಮಿಶೆಲ್ ಮತ್ತು ಅವಳ ಮಕ್ಕಳು ಜೇಡಿಮಣ್ಣು, ಮರಳು, ಪ್ಲಾಸ್ಟರು ಕಲಸಿ, ಎರಡು ಮೇಜು ಜೋಡಿಸಿದಷ್ಟು ಅಗಲಕ್ಕೆ ಆ ನೆಲವನ್ನೇ ಮಾಡಿದ್ದರು. ಗಿಡಕ್ಕೆ ನೀರೆರೆಯುವ ಕ್ಯಾನಿನಿಂದ ನೈಋತ್ಯದ ಕಡೆಯಿಂದ ನೀರು ಸುರಿದರೆ ಘಟ್ಟದ ಪಡುವಣದ ನೀರು ಕ್ಷಣದಲ್ಲಿ ಕಡಲಿಗೆ ಇಳಿಯುತ್ತಿತ್ತು, ಮೂಡಣದ್ದು ದಖ್ಖನ್ನಿನ ಮೇಲೆ ಸಾವಕಾಶವಾಗಿ ಹರಿದು ಹೋಗುತ್ತಿತ್ತು. ಅದನ್ನು ಹಾಲಿನಲ್ಲಿಡಲೇ ಎಂದು ಮಿಶೆಲ್ ಕೇಳಿದಳು.

"ನೆಲಾ ಒದ್ದಿ ಆಗ್ತದ. ಕೇರ್‌ಟೇಕರ್ ಒಪ್ಪಾಂಗಿಲ್ಲ," ಎಂದಳು ಕಲ್ಯಾಣಿ. ಕೇರ್‌ಟೇಕರನ್ನು ಅವಳು ಕೇಳಿರಲೇ ಇಲ್ಲ.

ಮಿಶೆಲ್ ಅದನ್ನು ಅಂಗಳದಲ್ಲಿಟ್ಟಳು. ಆ ಸಂಜೆ ಹಾಲಿನಲ್ಲಿ ಮುಂದಿನ ಎರಡು ಸಾಲು ಮಾತ್ರ ತುಂಬಿತು. ಕಲ್ಯಾಣಿ ಸಿಂಧೂ ಬಯಲಿಗೆ ಬರುವಷ್ಟರಲ್ಲಿ ಹೊರಗೆ ಜಿನುಗು ಮಳೆ ಶುರುವಾಯಿತು. ಇನ್ನು ಜನ ಒಳಗೆ ಬರುತ್ತಾರೆ ಎಂದುಕೊಂಡಳು. ಒಳಗಿದ್ದವರೇ ಒಬ್ಬೊಬ್ಬರಾಗಿ ಹೊರಗೆ ಹೋದರು. ಕ್ಯಾನ್ ಇಲ್ಲದೆಯೇ ನದಿಗಳು ಹರಿಯತೊಡಗಿವೆಯೆಂದು ಮಕ್ಕಳು ಕೂಗಿ ಕರೆಯುತ್ತಿದ್ದರು. ಕಿಟಕಿಯಿಂದ ನೋಡಿದಳು. ಕೊಡೆಗಳ ನಡುವೆ ಅವಳ ಗಂಡನೂ ಇದ್ದ. ಬಗ್ಗಿ, ಕೃಷ್ಣಾ ನದಿ ಎಲ್ಲಿ ಹುಟ್ಟುತ್ತದೆಂದು ಯಾರಿಗೋ ಬೆರಳಲ್ಲಿ ತೋರಿಸುತ್ತಿದ್ದ.

ಕಲ್ಯಾಣಿ ಕೋಟು ಹಾಕಿಕೊಳ್ಳದೆ ಹೊರಗೆ ಬಂದಳು. ಮಿಶೆಲ್ ಘಟ್ಟಗಳನ್ನು ತೋರಿಸಿ ಇವು ನಮ್ಮ ಪರ್ವತಗಳು ಎನ್ನುತ್ತಿದ್ದಳು. ಅವು ಪರ್ವತಗಳಲ್ಲ, ಪ್ರಸ್ಥಭೂಮಿಯ ಮುರಿದ ಅಂಚು ಎಂದು ಕಲ್ಯಾಣಿ ಎಲ್ಲರೆದುರು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ತಿದ್ದಿದಳು. ತಪ್ಪು ಕಲಿಸಬಾರದು ಎಂದೂ ಸೇರಿಸಿದಳು. ಗುಂಪಿನಲ್ಲಿದ್ದ ಅಮೂಲ್ಯಾ ತಲೆ ತಗ್ಗಿಸಿದಳು.

ಮಿಶೆಲ್ ಕನ್ನಡದಲ್ಲಿ ಹೇಳಿದಳು: "ನೀವು ಹೇಳುವುದು ಸರಿಯೇ ಕಲ್ಯಾಣಿಯಕ್ಕ. ಆದ್ರೆ ನಾವು ಕೆಳಗೆ ನಿಂತು ನೋಡುವವರಲ್ವಾ, ನಮಗದು ಗೋಡೆಯ ಹಾಗೆಯೇ ಕಾಣುವುದು. ನೀವು ಘಟ್ಟದ ಮೇಲಿನವರು. ಬಯಲಲ್ಲಿ ನಡ್ಕೊಂಡು ಬಂದವರಿಗೆ ಅದು ಅಂಚಲ್ಲದೆ ಮತ್ತೆಂತ?"

ಅದನ್ನೇ ಸುತ್ತಲಿನವರಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ನೇಪಾಳದಿಂದ ಬಂದಿದ್ದ ಒಬ್ಬ ತಂದೆ, ನಮ್ಮೂರಲ್ಲಿ ಇಂಥವನ್ನು ದಿಬ್ಬ ಎನ್ನುತ್ತೇವೆ ಎಂದ. ಎಲ್ಲರೂ ನಕ್ಕರು. ಕಲ್ಯಾಣಿಯನ್ನು ನೋಡಿ ನಕ್ಕದ್ದಲ್ಲ, ಆದರೂ ನಗದೆ ನಿಂತವಳು ಅವಳೊಬ್ಬಳೇ.

ಮರುದಿನ ಬೆಳಿಗ್ಗೆ ಅಮೂಲ್ಯಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಕೇರ್‌ಟೇಕರನ್ನು ಯಾರೂ ಏನೂ ಕೇಳಿರಲಿಲ್ಲವಂತೆ ಎಂದಳು. "ವೈ, ಅಮ್ಮಾ?" ಎಂದಷ್ಟೇ ಕೇಳಿ ಮಗಳು ಬ್ಯಾಗು ಹೆಗಲಿಗೇರಿಸಿದಳು. ಅಂದಿನಿಂದ ಇಬ್ಬರೂ ಬೇರೆ ಬೇರೆ ಬಸ್ಸಿಗೆ ಹೋಗತೊಡಗಿದರು.

ಒಂದು ವಾರ ತಡೆದು ಕಲ್ಯಾಣಿ ಮಿಶೆಲ್ ಬಳಿ ಹೋದಳು. "ನಾ ಸುಳ್ಳು ಹೇಳಿದ್ದೆ. ನಿಮ್ಮನ್ನ ಕಂಡ್ರ ನಂಗ ಹೊಟ್ಟಿಕಿಚ್ಚು."

ಮಿಶೆಲ್ ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆಯೆತ್ತಿ ನೋಡಿದಳು, ನಗಲಿಲ್ಲ. "ಗೊತ್ತುಂಟು. ಇನ್ನು ಬೇಡ ಅಂತಿದ್ರೆ ಬೇಡ ಅಂತಲೇ ಹೇಳಿ. ಮಕ್ಕಳು ಮೂರು ವಾರ ಮಣ್ಣು ಕಲಸಿದ್ದು."

ಕ್ಷಮಿಸಿದೆ ಎನ್ನಲಿಲ್ಲ. ಕಲ್ಯಾಣಿ ಕೇಳಲೂ ಇಲ್ಲ. ನಿಮ್ಮ ಕ್ಲಾಸಿನಲ್ಲಿ ಒಂದು ದಿನ ಕೂಡಬಹುದೇ ಎಂದಷ್ಟೇ ಕೇಳಿದಳು. ಬನ್ನಿ ಎಂದಳು ಮಿಶೆಲ್.

ಕಡೆಯ ಬೆಂಚಿನಲ್ಲಿ ಕೂತು ನೋಡಿದಳು. ಮಿಶೆಲ್ ಮಕ್ಕಳಿಗೆ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಅಜ್ಜಿಯ ಮನೆಯ ಅಡಿಯಲ್ಲಿ ಏನಿದೆ? ಜಾಫ್ನಾದ ಹುಡುಗ ಸುಣ್ಣಕಲ್ಲು ಎಂದ. ಊರಿನಲ್ಲಿ ಹೊಳೆಯಿಲ್ಲ, ಬಾವಿಯ ನೀರೇ ಎಲ್ಲಕ್ಕೂ ಎಂದ. ಸಿಲ್ಹೆಟ್ ಕಡೆಯ ಹುಡುಗಿ, ಮಳೆಗಾಲವಿಡೀ ನಮ್ಮೂರು ದ್ವೀಪ, ನೆಂಟರ ಮನೆಗೆ ದೋಣಿಯಲ್ಲೇ ಹೋಗಬೇಕು ಎಂದಳು. ಕಾಠ್ಮಂಡುವಿನವಳು, ನಮ್ಮದು ಹಿಂದೆ ಸರೋವರವಾಗಿದ್ದ ನೆಲ, ಅದಕ್ಕೇ ಭೂಕಂಪದಲ್ಲಿ ಅಷ್ಟು ಅಲುಗಿತು ಎಂದಳು. ಕಛ್‌ನ ಹುಡುಗನಿಗೆ ಉಪ್ಪು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ.

ಇವರಲ್ಲಿ ಕೆಲವರ ಅಣ್ಣಂದಿರಿಗೆ, ಅಕ್ಕಂದಿರಿಗೆ ಕಲ್ಯಾಣಿ ಇದೇ ಪಾಠ ಮಾಡಿದ್ದಳು. ಅವರಲ್ಲಿ ಒಬ್ಬರನ್ನೂ ಏನನ್ನೂ ಕೇಳಿರಲಿಲ್ಲ. ಚೆನ್ನಾಗಿಲ್ಲದ ಪಾಠವಾಗಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಚೆನ್ನಾಗಿತ್ತು, ಹಾಗಾಗಿ ಇನ್ನಷ್ಟು ಉರಿಯಿತು.

ಆಗ ಮಿಶೆಲ್ ಅವಳತ್ತ ತಿರುಗಿ, ನಿಮ್ಮ ಅಜ್ಜಿಯ ಮನೆಯ ಅಡಿಯಲ್ಲಿ? ಎಂದಳು. ಕಲ್ಯಾಣಿ ಎದ್ದು ನಿಂತಳು. ನವಲಗುಂದದ ಎರೆಮಣ್ಣು, ಎಂದಳು. ಬೇಸಿಗೆಯಲ್ಲಿ ನೆಲ ಬಿರಿದು ಮಕ್ಕಳ ಕಾಲು ಸಿಕ್ಕಿಕೊಳ್ಳುತ್ತದೆ. ಗೋಡೆಯೂ ಬಿರಿಯುತ್ತದೆ, ಮಳೆ ಬಂದರೆ ತಾನೇ ಕೂಡಿಕೊಳ್ಳುತ್ತದೆ. ಚಿಕ್ಕವಳಿದ್ದಾಗ ಒಮ್ಮೆ ಒಂದು ಬೆಳ್ಳಿ ಗೆಜ್ಜೆ ಆ ಬಿರುಕಿನಲ್ಲಿ ಬಿದ್ದುಹೋಯಿತು, ಸಿಗಲೇ ಇಲ್ಲ. ಅದು ಈಗ ಎಷ್ಟು ಆಳದಲ್ಲಿರಬಹುದು ಎಂದು ಒಬ್ಬ ಕೇಳಿದ. ಗಂಟೆ ಹೊಡೆದರೂ ಅವರು ಬಿಡಲಿಲ್ಲ.

ಜೂನ್‌ನಲ್ಲಿ ಮುಂದಿನ ವರ್ಷದ ವೇಳಾಪಟ್ಟಿ ಮಾಡುವ ಕೆಲಸ ಕಲ್ಯಾಣಿಯದು. ಅಮೂಲ್ಯಾ ಸೇರಲಿದ್ದ ಹನ್ನೆರಡನೆಯ ತರಗತಿಯ ಭೂಗೋಳವನ್ನು ತಾನೇ ಇಟ್ಟುಕೊಳ್ಳಬಹುದಿತ್ತು, ಯಾರೂ ಪ್ರಶ್ನಿಸುತ್ತಿರಲಿಲ್ಲ. ಒಮ್ಮೆ ತನ್ನ ಹೆಸರು ಹಾಕಿಯೂ ನೋಡಿದಳು. ಆಮೇಲೆ ಅಳಿಸಿ ಮಿಶೆಲ್ ಹೆಸರು ಹಾಕಿದಳು. ಮನೆಯಲ್ಲಿ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಅಮೂಲ್ಯಾಳಿಗೆ ಗೊತ್ತಾದಾಗ ಅವಳು ಅಮ್ಮನಿಗೆ ಥ್ಯಾಂಕ್ಸ್ ಹೇಳಲಿಲ್ಲ. ಮಾರನೆಯ ದಿನದಿಂದ ಮಾತ್ರ ಮತ್ತೆ ಅಮ್ಮನ ಬಸ್ಸಿಗೇ ಬರತೊಡಗಿದಳು, ಕಿವಿಯಲ್ಲಿ ಹಾಡು ಹಾಕಿಕೊಂಡೇ.

ಮಂಗಳವಾರ ಮಧ್ಯಾಹ್ನ ಆ ಕ್ಲಾಸಿನ ಬಾಗಿಲ ಮುಂದಿನಿಂದ ಕಲ್ಯಾಣಿ ಹೋಗಬೇಕಾಗುತ್ತದೆ. ಒಳಗಿನ ನಗುವಿನಲ್ಲಿ ಮಗಳದು ಯಾವುದೆಂದು ಅವಳಿಗೆ ಗೊತ್ತಾಗುತ್ತದೆ. ಅಲ್ಲಿ ಅವಳು ನಿಲ್ಲುವುದಿಲ್ಲ, ಸ್ವಲ್ಪ ಬೇಗ ಬೇಗ ನಡೆಯುತ್ತಾಳೆ.