ಪಥ್ಯವಿಲ್ಲದ ಮದ್ದು

ನಮ್ಮ ಮನೆಯಲ್ಲಿ ಪಥ್ಯವಿಲ್ಲದ ಮದ್ದಿಗೆ ಮರ್ಯಾದೆ ಇರಲಿಲ್ಲ. ಶೀತಕ್ಕೆ ಕರಿಮೆಣಸಿನ ಕಷಾಯ ಕುಡಿದವನೂ ಮೊಸರು ಬಿಟ್ಟು, ಬದನೆಕಾಯಿಯನ್ನು ದೂರದಿಂದಲೇ ನೋಡಿ ತೃಪ್ತನಾಗಬೇಕಿತ್ತು. ಹೀಗೆ ಬೆಳೆದ ನನಗೆ ಸಂಧಿವಾತಕ್ಕೆಂದು ಬಯಾಲಾಜಿಕ್ ಎಂಬ ಇಂಜೆಕ್ಷನ್ ಶುರುವಾದಾಗ, ಮೂಡುಬಿದಿರೆಯ ಡಾಕ್ಟರಮ್ಮನಲ್ಲಿ ಕೇಳಿದ ಮೊದಲ ಪ್ರಶ್ನೆ ಅದೇ.

“ಪಥ್ಯ ಏನುಂಟು?”

“ಏನೂ ಇಲ್ಲ. ಎಲ್ಲ ತಿನ್ನಿ.”

ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಮಹಾರಾಜನ ಹಾಗೆ ಮಲಗುವ ಮದ್ದು; ಅದಕ್ಕೆ ಬದನೆಕಾಯಿಯೊಡನೆಯೂ ವೈರವಿಲ್ಲವೆಂದರೆ ನನಗೆ ಸ್ವಲ್ಪ ಅವಮಾನವೇ ಆಯಿತು.

ಆದರೆ ಮದ್ದು ಕೆಲಸ ಮಾಡಿತು. ಎಡಗೈ ಬೆರಳುಗಳು ಮಡಚತೊಡಗಿದವು. ಎಡಗೈ ಎಂದರೆ ನನ್ನ ಹಳೆಯ ಸ್ಕೂಟರಿನ ಕ್ಲಚ್ಚು, ಗೇರು ಎರಡೂ. ಬೆರಳು ಕೈಕೊಟ್ಟ ಮೇಲೆ ಅದು ಜಗಲಿಯ ಬದಿಯಲ್ಲಿ ಗೋಣಿ ಹೊದ್ದು ನಿಂತಿತ್ತು. ಬಂಟ್ವಾಳ ಪೇಟೆಗೆ ಹೋಗಲು ನಾನು ನೆರೆಮನೆಯವರ ಕಾರಿನ ಮುಹೂರ್ತ ಕಾಯುತ್ತಿದ್ದೆ. ಕ್ಲಚ್ಚು ಮತ್ತೆ ಹಿಡಿತಕ್ಕೆ ಬಂದ ದಿನ ಯಾವ ಕೆಲಸವೂ ಇಲ್ಲದೆ ಸಿದ್ದಕಟ್ಟೆಯವರೆಗೆ ಹೋಗಿ, ಚಹಾ ಕುಡಿದು ಬಂದೆ. ಆ ಗೋಣಿಯನ್ನು ಇನ್ನೊಮ್ಮೆ ಹೊದಿಸುವ ಮನಸ್ಸು ನನಗಿರಲಿಲ್ಲ.

ಉಳಿದದ್ದು ಸುಸ್ತು ಮಾತ್ರ. ಅದನ್ನು ಬೆಳ್ತಂಗಡಿಯ ಅಕ್ಕನಿಗೆ ಫೋನಿನಲ್ಲಿ ಹೇಳಬಾರದಿತ್ತು. ಮರುವಾರ ಅವಳು ಒಂದು ಬಾಟ್ಲಿಯ ಸಮೇತ ಬಂದಳು.

“ಮಗ ದುಬೈಯಿಂದ ತಂದ ವಿಟಮಿನ್. ದಿನಕ್ಕೊಂದು ನುಂಗು. ಕುದುರೆ ಹಾಗೆ ಆಗ್ತಿ.”

“ಮೇಲೆ ಸಿಂಹದ ಚಿತ್ರ ಉಂಟಲ್ಲ?”

“ಯಾವುದಾದ್ರೂ ಆಗು ಮಾರಾಯ. ಹೀಗೆ ಕೂತ ಕೋಣದ ಹಾಗೆ ಇರಬೇಡ.”

ಅವಳು ಹೋದ ಮೇಲೆ ಭೂತಗನ್ನಡಿ ಹಿಡಿದು ಬಾಟ್ಲಿಯ ಪಾರಾಯಣಕ್ಕೆ ಕುಳಿತೆ. ನಿವೃತ್ತ ಮಾಸ್ಟ್ರಿಗೆ ಓದಲು ಏನಾದರೊಂದು ಬೇಕು. ವಿಟಮಿನ್‌ಗಳು, ಸತು, ಕಬ್ಬಿಣ ಎಲ್ಲ ಶಿಸ್ತಾಗಿ ಸಾಲುಗಟ್ಟಿದ್ದವು. ಎಲ್ಲಕ್ಕಿಂತ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಕೆಲವು ಗಿಡಮೂಲಿಕೆಗಳು, ಅವುಗಳಲ್ಲೊಂದು ಅಮೃತಬಳ್ಳಿ. ನಮ್ಮ ಬೇಲಿಯ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ಹಬ್ಬುವ ಬಳ್ಳಿ ಅದು. ನಮ್ಮೂರ ಅನೇಕರಂತೆ ಅದೂ ಗಲ್ಫಿಗೆ ಹೋಗಿ, ವೇಷ ಬದಲಿಸಿ, ಗೌರವಾನ್ವಿತವಾಗಿ ಊರಿಗೆ ಮರಳಿತ್ತು.

ಸಿಂಹದ ಕೆಳಗೆ ದೊಡ್ಡ ಅಕ್ಷರಗಳ ಘೋಷಣೆ: ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ.

ಅಲ್ಲಿ ನನಗೆ ಕುತೂಹಲ ಹುಟ್ಟಿತು. ನನ್ನ ರೋಗವೇ ಆ ಶಕ್ತಿಯದು. ಕಳ್ಳನನ್ನು ಬಿಟ್ಟು ಮನೆಯವರನ್ನೇ ಕಚ್ಚುವ ನಾಯಿಯ ಹಾಗೆ ಅದು ನನ್ನ ಗಂಟುಗಳನ್ನು ಹಿಡಿದಿತ್ತು. ಇಂಜೆಕ್ಷನ್ನು ಆ ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ಕಟ್ಟಿತ್ತು. ಈಗ ಅಕ್ಕ ಅದಕ್ಕೆ ದಿನಾ ಕೋಳಿಯೂಟ ಹಾಕಲು ಹೇಳುತ್ತಿದ್ದಳೇ? ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ಮುಚ್ಚಳ ತೆಗೆಯದೆ ಇರಿಸಿದೆ.

ಬಂಟ್ವಾಳದ ಮೆಡಿಕಲ್ಲಿನಲ್ಲಿ ಬೇರೊಂದನ್ನು ವಿಚಾರಿಸಿದೆ.

“ವಿಟಮಿನ್ ಬೇಕು. ಆದರೆ ಶಕ್ತಿ ಹೆಚ್ಚಿಸಬಾರದು.”

ಅಂಗಡಿಯವರು ನನ್ನನ್ನೂ ನನ್ನ ಸ್ಕೂಟರನ್ನೂ ನೋಡಿದರು. “ಶಕ್ತಿ ಇಲ್ಲದ್ದನ್ನು ನಾವು ಇಡುದಿಲ್ಲ ಮಾಸ್ಟ್ರೇ. ಇಟ್ಟರೆ ಯಾರು ತೆಗೆದುಕೊಳ್ತಾರೆ? ನೀವು ಡಾಕ್ಟ್ರಲ್ಲೇ ಕೇಳಿ.”

ಕೇಳಲು ಮೂಡುಬಿದಿರೆಗೆ ಹೋದೆ. ಡಾಕ್ಟರಮ್ಮ ಬಾಟ್ಲಿಯನ್ನು ತಿರುಗಿಸಿ ತಿರುಗಿಸಿ ಓದಿದರು.

“ಇದರಿಂದ ನಿಮಗೆ ತೊಂದರೆ ಆಗಿಯೇ ಆಗ್ತದೆ ಅಂತ ನಾನು ಹೇಳುದಿಲ್ಲ. ಆದರೆ ಈ ಬಳ್ಳಿ ಕಾಯಿಲೆಯನ್ನು ಕೆರಳಿಸಬಹುದು. ಸುಮ್ಮನೆ ಇದ್ದದ್ದನ್ನು ಯಾಕೆ ಕೆದಕುದು? ಮತ್ತೆ, ಸುಸ್ತಿಗೆಲ್ಲ ವಿಟಮಿನ್ ಕೊರತೆಯೇ ಕಾರಣ ಅಂತ ಉಂಟಾ? ಮೊದಲು ರಕ್ತ ನೋಡುವ.”

ನೋಡಿದಾಗ ಡಿ ಮತ್ತು ಬಿ12 ಕಡಿಮೆ ಇದ್ದವು. ಅವೆರಡಕ್ಕೆ ಬೇರೆ ಮದ್ದು ಬರೆದು, ಜತೆಗೆ ಒಂದು ಮಲ್ಟಿವಿಟಮಿನ್ ಸೂಚಿಸಿದರು. ಮೂಲಿಕೆ ಇಲ್ಲ, ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚಿನ ಅಳತೆ ಇಲ್ಲ, ಡಬ್ಬಿಯ ಮೇಲೆ ಪ್ರಾಣಿಯೂ ಇಲ್ಲ.

“ಇನ್ನು ಯಾರು ಏನು ಕೊಟ್ಟರೂ ಇಲ್ಲಿ ತೋರಿಸದೆ ನುಂಗಬೇಡಿ. ಶಕ್ತಿ ಹೆಚ್ಚಿಸ್ತೇವೆ ಅಂತ ಬರೆದದ್ದು ಬೇಡವೇ ಬೇಡ.”

“ಅಂದರೆ ಇದು ಪಥ್ಯವಾ?”

ಅವರು ನಕ್ಕರು. “ಹಾಗೆಯೇ ಇಟ್ಟುಕೊಳ್ಳಿ.”

ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ರೋಗನಿರೋಧಕ ಶಕ್ತಿಯ ಬಗ್ಗೆ ನಾಯಿ, ಸರಪಳಿಗಳ ಸಮೇತ ಪಾಠ ಮಾಡಿದೆ.

“ಶಕ್ತಿ ಹೆಚ್ಚಾದ್ರೆ ಯಾರಿಗಾದ್ರೂ ಕೆಟ್ಟದಾಗ್ತದಾ? ನಿನ್ನದು ಜಾಸ್ತಿ ಓದಿ ಆದದ್ದು. ಮಗ ಅಷ್ಟು ದೂರದಿಂದ ಹೊತ್ತು ತಂದದ್ದು ಅದು.”

“ಡಾಕ್ಟ್ರು ಪಥ್ಯ ಹೇಳಿದ್ದಾರೆ ಅಕ್ಕ.”

ಅಕ್ಕನ ದನಿ ತಟ್ಟನೆ ಬದಲಾಯಿತು.

“ಅದನ್ನು ಮೊದಲೇ ಹೇಳ್ಲಿಕ್ಕೆ ನಿನಗೆ ಏನು ದಾಡಿ? ಪಥ್ಯ ಮುರಿಯಬಾರದು. ಬಾಟ್ಲಿ ವಾಪಸ್ ತಾ, ಭಾವನಿಗೆ ಕೊಡುವ. ಬಸ್ಸಿನಲ್ಲಿ ಬಾ, ಕೈಗೆ ಆಯಾಸ ಮಾಡಿಕೊಳ್ಳಬೇಡ.”

ಬೆಳ್ತಂಗಡಿಗೆ ಸ್ಕೂಟರಿನಲ್ಲೇ ಹೋದೆ. ದಾರಿಯ ಏರುತಗ್ಗುಗಳಿಗೆಲ್ಲ ಗೇರು ಬದಲಿಸಿದೆ. ಬೆರಳುಗಳು ತಕರಾರು ಮಾಡಲಿಲ್ಲ. ಅಕ್ಕ ಗೇಟಿನಲ್ಲಿ ನಿಂತು, ನಾನು ಚಾಚಿದ ಬಾಟ್ಲಿಯನ್ನು ಬಿಟ್ಟು ಕ್ಲಚ್ಚಿನ ಮೇಲಿದ್ದ ಕೈಯನ್ನು ನೋಡಿದಳು.

“ಬಸ್ಸಿಲ್ಲವಾ ನಿಮ್ಮಲ್ಲಿ?” ಎಂದು ಒಳಗೆ ಹೋದಳು.

ಊಟಕ್ಕೆ ಕುಳಿತಾಗ ಕೇಳಿದಳು, “ಬದನೆಕಾಯಿ ಆಗ್ತದಾ?”

“ಧಾರಾಳ ಆಗ್ತದೆ.”

“ಅದೆಂಥ ಪಥ್ಯ,” ಎಂದು ಪಲ್ಯದ ಪಾತ್ರೆಯನ್ನು ನನ್ನ ಎಲೆ ದಾಟಿಸಿ ಭಾವನ ಕಡೆಗೆ ಕೊಂಡೊಯ್ದಳು.