ಬರುವೆ, ಬಾರೆ

ಭಾವ ತೀರಿಕೊಂಡು ವರ್ಷ ತುಂಬಲು ಹದಿನೈದು ದಿನ ಇರುವಾಗ ಅಕ್ಕ ಫೋನ್ ಮಾಡಿದಳು. ಪುಣ್ಯಸ್ಮರಣೆಯ ಕಾರ್ಡಿನ ಮೇಲೆ ಅವರ ಫೋಟೋದ ಕೆಳಗೆ ಒಂದು ಹಾಡಿನ ಸಾಲು ಹಾಕಿಸಬೇಕು ಎಂದಳು. ನಾನು ಮೂವತ್ತು ವರ್ಷ ಅಚ್ಚುಮನೆಗಳಲ್ಲಿ ಕರಡು ತಿದ್ದಿದವನು. ನಮ್ಮ ಬಂಧುಬಳಗದಲ್ಲಿ ಮದುವೆಯಾಗಲಿ ಸಾವಾಗಲಿ, ಕಾರ್ಡು ಮೊದಲು ನನ್ನ ಕೈಗೆ ಬರುತ್ತದೆ.

ಆ ಸಾಲು ನಮಗೆಲ್ಲ ಬಾಯಿಪಾಠ. ಹಳೆಯ ಸಿನಿಮಾದ್ದು. ಊರು ಬಿಟ್ಟು ಹೊರಟ ನಾಯಕ ರೈಲಿನ ಬಾಗಿಲಲ್ಲಿ ನಿಂತು ಹಾಡುತ್ತಾನೆ, ಕೊನೆಗೆ ‘ಮತ್ತೆ ಈ ಬೀದಿಗೆ ಬರುವೆ’ ಎಂದು ದನಿ ಎಳೆಯುತ್ತಾನೆ. ಭಾವ ಸ್ಕೂಟರ್ ಒರೆಸುವಾಗಲೂ ಸೊಪ್ಪು ಬಿಡಿಸುವಾಗಲೂ ಅದನ್ನೇ ಗುನುಗುತ್ತಿದ್ದರು. ಮೈಸೂರು ರಸ್ತೆಯ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಕರೆದೊಯ್ಯುವಾಗ ಸ್ಟ್ರೆಚರ್ ಮೇಲೆ ಮಲಗಿದ್ದವರು ಅಕ್ಕನ ಕಡೆ ಮುಖ ತಿರುಗಿಸಿ ಆ ಸಾಲನ್ನೇ ಹಾಡಿ ನಕ್ಕರು. ಅಕ್ಕ ಒಂದು ಪಕ್ಕ, ನಾನು ಇನ್ನೊಂದು ಪಕ್ಕ ನಡೆಯುತ್ತಿದ್ದೆವು. ಒಳಗೆ ಹೋದವರು ಮತ್ತೆ ಕಣ್ಣು ಬಿಡಲಿಲ್ಲ.

“ಬರ್ತೀನಿ ಅಂತಾನೇ ಹೇಳಿ ಹೋದ್ರು ಕಣೋ” ಎಂದು ಅಕ್ಕ ಆ ವರ್ಷದಲ್ಲಿ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಹಾಗೆ ಹೇಳಿದಾಗಲೆಲ್ಲ ಅವಳ ಮುಖ ಸ್ವಲ್ಪ ಹಗುರಾಗುತ್ತಿತ್ತು.

ಅಚ್ಚಿಗೆ ಹೋಗುವ ಮುನ್ನ ಮೂಲ ನೋಡುವುದು ನನ್ನ ಹಾಳು ಅಭ್ಯಾಸ. ರಾಜಾಜಿನಗರದ ಪ್ರೆಸ್ಸಿನಲ್ಲಿ ಕರಡಿಗಾಗಿ ಕಾಯುತ್ತಾ ಮೊಬೈಲಿನಲ್ಲಿ ಹಾಡು ಹಾಕಿದೆ. ಕೊನೆಯ ಸಾಲು ಬಂತು. ‘ಮತ್ತೆ ಈ ಬೀದಿಗೆ ಬಾರೆ.’

ಕಿವಿ ಕೈಕೊಟ್ಟಿತೆಂದು ಇನ್ನೊಮ್ಮೆ ಹಾಕಿದೆ. ಬಾರೆ. ಬರುವುದಿಲ್ಲ ಎಂದು.

ಪ್ರೆಸ್ಸಿನ ಯಜಮಾನರನ್ನು ಕರೆದು, ಹಾಡು ಕೇಳಿಸದೆ, ಕೊನೆಯ ಸಾಲು ಏನೆಂದು ಕೇಳಿದೆ. ಅವರು ತಲೆ ಎತ್ತದೆಯೇ “ಬರುವೆ” ಎಂದರು. ಆಮೇಲೆ ಕೇಳಿಸಿದೆ. “ಹುಡುಗೀನ ಬಾರೇ ಅಂತ ಕರೀತಾ ಇರ್ಬೇಕು ಸಾರ್” ಎಂದರು. ಹೊರಟು ಹೋಗುತ್ತಿರುವವನು ಯಾರನ್ನು ಯಾಕೆ ಕರೆಯುತ್ತಾನೆ? ಇಬ್ಬರೂ ವಿಡಿಯೋ ನೋಡಿದೆವು. ಅದರಲ್ಲಿ ರೈಲೇ ಇರಲಿಲ್ಲ. ನಾಯಕ ಲಾರಿಯ ಹಿಂದೆ, ಮೂಟೆಗಳ ನಡುವೆ ಕೂತಿದ್ದ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. “ನಾನು ಥಿಯೇಟರಲ್ಲೇ ನೋಡಿದೀನಿ ಸಾರ್. ರೈಲು ಇತ್ತು” ಎಂದರು. ನಾನೂ ನೋಡಿದ್ದೆ. ಎಂಜಿನ್ನಿನ ಹೊಗೆ ಈಗಲೂ ನನ್ನ ಕಣ್ಣ ಮುಂದಿದೆ.

ಮಾರನೆಯ ದಿನ ಬಸವೇಶ್ವರನಗರದ ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಬರುವವರನ್ನೆಲ್ಲ ಕೇಳಿದೆ. ಒಬ್ಬರೂ ‘ಬಾರೆ’ ಎನ್ನಲಿಲ್ಲ. ಎಲ್ಲರಿಗೂ ರೈಲೇ ನೆನಪು.

ಮುಚ್ಚಿಡಬಹುದಿತ್ತು. ತಪ್ಪು ಕಂಡ ಮೇಲೆ ಸುಮ್ಮನಿರುವುದು ನನಗೆ ಬರಲಿಲ್ಲ. ವಿಜಯನಗರಕ್ಕೆ ಹೋಗಿ, ಅಕ್ಕನ ಅಡುಗೆಮನೆಯಲ್ಲೇ ಹಾಡು ಹಾಕಿದೆ. ಅವಳು ಒಲೆ ಆರಿಸಿ ಕೇಳಿದಳು.

“ಇದು ಆ ಹಾಡಲ್ಲ.”

“ಅದೇ ಹಾಡು ಅಕ್ಕ.”

“ಹಾಗಿದ್ರೆ ಯಾರೋ ಬದಲಾಯ್ಸಿದಾರೆ. ನೀನು ಕಾರ್ಡಲ್ಲಿ ಬರುವೆ ಅಂತಾನೇ ಹಾಕ್ಸು.”

ನಾನು ಹಾಕಿಸಿದೆ. ಮೂವತ್ತು ವರ್ಷದಲ್ಲಿ ಗೊತ್ತಿದ್ದೂ ತಪ್ಪು ಬಿಟ್ಟಿದ್ದು ಅದೊಂದೇ ಸಲ.

ಪುಣ್ಯಸ್ಮರಣೆಯ ದಿನ ಊಟಕ್ಕೆ ಮುಂಚೆ ಅಕ್ಕನ ಮಗಳು ಸ್ಪೀಕರಿನಲ್ಲಿ ಆ ಹಾಡು ಹಾಕಿಬಿಟ್ಟಳು. ಅಪ್ಪನ ಇಷ್ಟದ ಹಾಡು ಎಂದಷ್ಟೇ ಅವಳಿಗೆ ಗೊತ್ತು. ನಾನು ನಿಲ್ಲಿಸಲೆಂದು ಎದ್ದೆ, ಆದರೆ ಸಾಲುಸಾಲು ಕುರ್ಚಿಗಳನ್ನು ದಾಟಿ ಮುಂದೆ ಹೋಗಲು ಆಗಲಿಲ್ಲ. ಅಷ್ಟರಲ್ಲಿ ಜನ ಜೊತೆಗೆ ಹಾಡತೊಡಗಿದ್ದರು. ಕೊನೆಯ ಸಾಲಿಗೆ ಇಡೀ ಹಾಲ್ ‘ಬರುವೆ’ ಎಂದಿತು. ಸ್ಪೀಕರಿನಲ್ಲಿದ್ದ ಗಾಯಕನ ಮಾತು ಅದರ ಅಡಿಯಲ್ಲಿ ಎಲ್ಲಿ ಹೋಯಿತೋ. ನಿಂತಲ್ಲೇ ನನ್ನ ಬಾಯಿಂದಲೂ ‘ಬರುವೆ’ ಎಂದೇ ಬಂತು. ಅಕ್ಕ ಕೈಯಲ್ಲಿ ಕಾರ್ಡು ಹಿಡಿದು ನನ್ನ ಕಡೆ ನೋಡಿದಳು, ನೋಡಿದೆಯಾ ಎನ್ನುವಂತೆ. ನಾನು ತಲೆಯಾಡಿಸಿದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಒಂದು ತಿಂಗಳಾಗಿರಬೇಕು, ಮಧ್ಯಾಹ್ನ ಅವಳ ಫೋನ್ ಬಂತು. ಮಗಳ ಹತ್ತಿರ ಹಾಡು ಹಾಕುವುದನ್ನು ಕಲಿತುಕೊಂಡು, ಮನೆಯಲ್ಲಿ ಯಾರೂ ಇಲ್ಲದಾಗ ಕೇಳಿದ್ದಳು. ಎಷ್ಟೋ ಸಲ ಕೇಳಿದಳಂತೆ.

“ನೀನು ಹೇಳಿದ್ದೇ ಸರಿ. ಬಾರೆ ಅಂತಾನೇ ಇದೆ” ಎಂದಳು. “ಅವ್ರಿಗೆ ಹಾಡಿನ ಮಾತು ತಪ್ಪಿದ್ರೆ ಆಗ್ತಿರ್ಲಿಲ್ಲ ಅಲ್ವಾ? ಬೇರೆಯೋರು ತಪ್ಪು ಹಾಡಿದ್ರೆ ಅಲ್ಲೇ ತಿದ್ದೋರು.”

“ಹೂಂ.”

“ಅವತ್ತು ನೀನೂ ಪಕ್ಕದಲ್ಲೇ ಇದ್ದೆ. ಅವರು ಏನಂದ್ರು? ಬರುವೆ ಅಂದ್ರಾ, ಬಾರೆ ಅಂದ್ರಾ?”

ಆ ಕಾರಿಡಾರ್ ನನಗೆ ಚೆನ್ನಾಗಿ ನೆನಪಿದೆ. ಸ್ಟ್ರೆಚರಿನ ಒಂದು ಗಾಲಿ ಕಿರುಗುಟ್ಟುತ್ತಿತ್ತು. ಭಾವನ ತುಟಿ ಒಣಗಿತ್ತು. ಅವರು ‘ಬರುವೆ’ ಎಂದದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಎಂದೂ ಇಲ್ಲದ ರೈಲಿನ ಹೊಗೆಯೂ ನನಗೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ‘ಬರುವೆ ಅಂದ್ರು’ ಎಂದುಬಿಟ್ಟರೆ ಅವಳು ನಂಬುತ್ತಿರಲಿಲ್ಲ. ನಂಬುವ ಹಾಗಿದ್ದರೆ ಕೇಳುತ್ತಲೇ ಇರಲಿಲ್ಲ. ಅವಳ ಕೈಯಲ್ಲಿದ್ದ ಒಂದೇ ಮಾತನ್ನು ಕಿತ್ತುಕೊಂಡವನು ನಾನೇ. ವಾಪಸ್ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

“ಗೊತ್ತಿಲ್ಲ ಅಕ್ಕ” ಎಂದೆ. “ನಂಗೆ ನಿಜವಾಗ್ಲೂ ಗೊತ್ತಿಲ್ಲ.”

“ನಂಗೂ” ಎಂದಳು. ಆಮೇಲೆ, ಬಾಗಿಲಿಗೆ ಯಾರೋ ಬಂದಿದ್ದಾರೆ ಎಂದು ಫೋನ್ ಇಟ್ಟಳು.